ಸೆಲ್ಫ್ ಮೋಟಾರ್: ಉಳಿಯುವುದು ಕೂಲಿಯಲ್ಲ

ಪಿಕಪ್ ಗಾಡಿಯ ಸೆಲ್ಫ್ ಕೈಕೊಟ್ಟ ದಿನ ಮಾಲೀಕರು ಮಾಡುವ ಅತಿ ದುಬಾರಿ ತೀರ್ಮಾನ, ಪರೀಕ್ಷೆ ಮಾಡದೆಯೇ ಹೊಸ ಮೋಟಾರ್ ತಂದು ಕೂರಿಸುವುದು. ಕೀ ತಿರುಗಿಸಿದರೆ ಟಿಕ್ ಎಂಬ ಸದ್ದು ಬರುತ್ತದೆ, ಇಂಜಿನ್ ಮಾತ್ರ ಅಲುಗುವುದಿಲ್ಲ. ಪಕ್ಕದಲ್ಲಿದ್ದವರು ಯಾರೋ ‘ಸೆಲ್ಫ್ ಹೋಯ್ತು’ ಅನ್ನುತ್ತಾರೆ, ಆ ಮಾತೇ ತೀರ್ಪಾಗಿಬಿಡುತ್ತದೆ. ಕೋಲಾರದ ಎಪಿಎಂಸಿಗೆ ಟೊಮೆಟೊ ಲೋಡ್ ಮುಟ್ಟಿಸಬೇಕಾದವರಿಗೆ ಯೋಚಿಸಲು ಪುರುಸೊತ್ತಿರುವುದಿಲ್ಲ, ನಿಜ. ಆದರೆ ಆ ಅವಸರಕ್ಕೆ ಬೆಲೆಯಿದೆ, ಅದನ್ನು ರೂಪಾಯಿಯಲ್ಲಿ ಎಣಿಸಬಹುದು. ಮೋಟಾರನ್ನು ಮನೆಯಂಗಳದಲ್ಲೇ ಬಿಚ್ಚುವುದು ಒಳ್ಳೆಯದೆಂದು ನಾನು ಹೇಳುವುದು ಮೆಕ್ಯಾನಿಕ್ ಕೂಲಿ ಉಳಿಯುತ್ತದೆಂಬ ಕಾರಣಕ್ಕಲ್ಲ. ಆ ಉಳಿತಾಯ ತೀರಾ ಚಿಕ್ಕದು. ದೊಡ್ಡ ಉಳಿತಾಯ ಇರುವುದು ಬೇಡದ ಭಾಗವನ್ನು ಕೊಳ್ಳದೇ ಇರುವುದರಲ್ಲಿ.

ಅದಕ್ಕೆ ಸ್ಪ್ಯಾನರ್‌ಗಿಂತ ಮೊದಲು ಬೇಕಾದದ್ದು ಮಲ್ಟಿಮೀಟರ್, ಐನೂರು ರೂಪಾಯಿಯ ಸಾಧಾರಣದ್ದೇ ಸಾಕು. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು ಮೊದಲು ಬ್ಯಾಟರಿ ನೋಡಿ. ಸುಮ್ಮನಿರುವಾಗ 12.6 ವೋಲ್ಟ್ ಆಸುಪಾಸು ಇರಬೇಕು. 12.2 ತೋರಿಸಿದರೆ ಚಾರ್ಜ್ ಅರ್ಧಕ್ಕಿಳಿದಿದೆ ಎಂದರ್ಥ, ಚಾರ್ಜ್ ಮಾಡಿಸಿಯೇ ಮುಂದಿನ ಮಾತು. ಆಮೇಲೆ ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಮೋಟಾರಿನ ಮೈಗೂ ಮೀಟರ್ ಹಿಡಿಯಬೇಕು. ಅಲ್ಲಿ ಕಾಲು ವೋಲ್ಟ್‌ಗಿಂತ ಹೆಚ್ಚು ಕಂಡರೆ ಅರ್ತ್ ಸರಿಯಿಲ್ಲ. ಪಾಸಿಟಿವ್ ಕಂಬದಿಂದ ಮೋಟಾರಿನ ದಪ್ಪ ಕೇಬಲ್‌ವರೆಗೆ ಅರ್ಧ ವೋಲ್ಟ್ ಮೀರಬಾರದು. ಇಷ್ಟು ಸಣ್ಣ ಅಂಕಿಗೆ ಇಷ್ಟು ಮಹತ್ವ ಯಾಕೆಂದರೆ ಡೀಸೆಲ್ ಇಂಜಿನ್ ತಿರುಗಿಸುವಾಗ ಹರಿಯುವ ಕರೆಂಟ್ ನೂರಾರು ಆಂಪಿಯರ್. 200 ಆಂಪಿಯರ್ ಹರಿಯುವ ದಾರಿಯಲ್ಲಿ ತುಕ್ಕು ಹಿಡಿದ ಒಂದು ಲಗ್ ಓಮ್‌ನ ನೂರನೇ ಒಂದು ಪಾಲು ಅಡ್ಡಿ ಮಾಡಿದರೂ 2 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಮಳೆಗಾಲದ ಕೆಸರು, ತರಕಾರಿ ಕ್ರೇಟ್‌ಗಳಿಂದ ಸೋರುವ ನೀರು, ಗೊಬ್ಬರದ ಮೂಟೆಯ ಉಪ್ಪಿನಂಶ ಎಲ್ಲವನ್ನೂ ಉಂಡ ಚಾಸಿಯ ಅರ್ತ್ ಬೋಲ್ಟ್‌ಗೆ ಇಷ್ಟು ತುಕ್ಕು ಹಿಡಿಯುವುದು ದೊಡ್ಡ ಮಾತಲ್ಲ. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದರೆ ಮುಗಿಯುವ ಕೆಲಸ ಅದು. ಕೀ ತಿರುಗಿಸಿದಾಗ ಸೊಲೆನಾಯ್ಡಿನ ತೆಳು ವೈರಿಗೆ ವೋಲ್ಟೇಜ್ ಬರದಿದ್ದರೆ ತೊಂದರೆ ಇರುವುದು ಇಗ್ನಿಷನ್ ಸ್ವಿಚ್, ರಿಲೇ ಅಥವಾ ವೈರಿಂಗ್‌ನಲ್ಲಿ. ಎಲ್ಲ ಕಡೆ ವೋಲ್ಟೇಜ್ ಸರಿಯಾಗಿ ಬಂದೂ ಬರೀ ಟಿಕ್ ಎಂದರೆ ಮಾತ್ರ ಮೋಟಾರನ್ನು ಕೆಳಗಿಳಿಸಬೇಕು. ಆಗಲೂ ಸವೆದಿರುವುದು ಸೊಲೆನಾಯ್ಡಿನ ಕಾಂಟ್ಯಾಕ್ಟ್ ಅಥವಾ ಕಾರ್ಬನ್ ಬ್ರಷ್ ಇರಬಹುದು, ಇಡೀ ಮೋಟಾರ್ ಸತ್ತಿರಬೇಕಾಗಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳನ್ನು ಉದಾಹರಣೆಗೆ ಹಿಡಿದಿದ್ದೇನೆ, ನಿಮ್ಮ ಊರಿನ ದರ ಹಾಕಿಕೊಂಡು ತಿದ್ದಿಕೊಳ್ಳಿ. ಹೊಸ ಒರಿಜಿನಲ್ ಮೋಟಾರ್‌ಗೆ 9,000 ರೂಪಾಯಿ, ಬಾಳಿಕೆ ಆರು ವರ್ಷ. ಹಳೆಯದಕ್ಕೇ ಬ್ರಷ್, ಬುಷ್ ಹಾಕಿಸಿದರೆ 1,500, ಬಾಳಿಕೆ ಎರಡು ವರ್ಷ. ಬಣ್ಣ ಬಳಿದ ರೀಕಂಡಿಷನ್ ಮೋಟಾರ್‌ಗೆ 4,000, ಬಾಳಿಕೆ ಒಂದೂವರೆ ವರ್ಷ ಎಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ಇವುಗಳಲ್ಲಿ ಯಾವುದು ರಸ್ತೆಯಲ್ಲಿ ಕೈಕೊಟ್ಟರೂ ಆ ದಿನದ ಬಾಡಿಗೆ ಹೋಗುತ್ತದೆ, ಅದು 1,800. ಸ್ಥಳಕ್ಕೆ ಬರುವವರ ಖರ್ಚು 700. ಒಟ್ಟು 2,500. ಇದನ್ನು ಸೇರಿಸಿ ತಿಂಗಳಿಗೆ ಹಂಚಿದರೆ ಹೊಸದಕ್ಕೆ 11,500ನ್ನು 72ರಿಂದ ಭಾಗಿಸಿ ಸುಮಾರು 160 ರೂಪಾಯಿ, ರಿಪೇರಿಗೆ 4,000ವನ್ನು 24ರಿಂದ ಭಾಗಿಸಿ 167, ರೀಕಂಡಿಷನ್‌ಗೆ 6,500ನ್ನು 18ರಿಂದ ಭಾಗಿಸಿ 361. ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕದ್ದು ಬಳಕೆಯಲ್ಲಿ ಎರಡು ಪಟ್ಟಿಗಿಂತ ಹೆಚ್ಚು ತಿನ್ನುತ್ತದೆ. ಹೊಸದಕ್ಕೂ ರಿಪೇರಿಗೂ ಅಂತರ ಇಲ್ಲವೇ ಇಲ್ಲ ಎನ್ನಬಹುದು. ಆದರೆ ಬ್ರಷ್ ಪೂರ್ತಿ ಸವೆಯುವ ಮೊದಲೇ, ಬಾಡಿಗೆಯಿಲ್ಲದ ದಿನ ನೋಡಿ ಬಿಚ್ಚಿ ಬದಲಿಸಿದರೆ 2,500ರ ಪೆಟ್ಟು ಬೀಳುವುದೇ ಇಲ್ಲ. ಆಗ ತಿಂಗಳ ಖರ್ಚು 1,500 ಭಾಗಿಸು 24, ಅಂದರೆ 62 ರೂಪಾಯಿ 50 ಪೈಸೆ. ಇನ್ನು ಕೂಲಿ. ಬಿಚ್ಚಿ ಕೂರಿಸಲು 800 ರೂಪಾಯಿ ಎಂದರೆ ಆರು ವರ್ಷಕ್ಕೆ ಹಂಚಿದಾಗ ತಿಂಗಳಿಗೆ 11 ರೂಪಾಯಿ. ಇದಕ್ಕಾಗಿ ಯಾರೂ ಗಾಡಿಯಡಿ ಮಲಗಬೇಕಾಗಿಲ್ಲ. ಆದರೆ 300 ರೂಪಾಯಿಯ ಅರ್ತ್ ಕೇಬಲ್ ಹಾಕಬೇಕಾದ ಕಡೆ 9,000ದ ಮೋಟಾರ್ ಹಾಕಿಸಿದರೆ ಹೋಗುವುದು 8,700, ಹೆಚ್ಚುಕಡಿಮೆ ಹನ್ನೊಂದು ಬಾರಿಯ ಕೂಲಿ. ಅಷ್ಟು ಹೋದ ಮೇಲೂ ತುಕ್ಕು ಅಲ್ಲೇ ಇರುವುದರಿಂದ ಗಾಡಿ ಮತ್ತೆ ನಿಲ್ಲುತ್ತದೆ.

ರೀಕಂಡಿಷನ್ ಮೋಟಾರ್ ಬಗ್ಗೆ ನನಗೆ ಸಹನೆ ಉಳಿದಿಲ್ಲ. ಹೊರಗೆ ಬೆಳ್ಳಿ ಬಣ್ಣ, ಒಳಗೆ ಯಾವ ಗಾಡಿಯದೋ ಆರ್ಮೇಚರ್, ಎಷ್ಟು ಉಳಿದಿದೆ ಎಂದು ಯಾರಿಗೂ ಗೊತ್ತಿಲ್ಲದ ಕಮ್ಯುಟೇಟರ್. ಆರು ತಿಂಗಳ ಗ್ಯಾರಂಟಿ ಅನ್ನುತ್ತಾರೆ. ಆ ಗ್ಯಾರಂಟಿ ಲೋಹಕ್ಕೆ ಮಾತ್ರ. ಹೋದ ಬಾಡಿಗೆ, ಮತ್ತೆ ಬಿಚ್ಚುವ ಕೂಲಿ, ಮಂಡಿಯಲ್ಲಿ ಬಾಡಿ ಬಿದ್ದ ಸೊಪ್ಪು, ಇವಕ್ಕೆ ಯಾರು ಹೊಣೆ? ಎಕ್ಸ್‌ಚೇಂಜ್ ಅಂತ ನಿಮ್ಮ ಹಳೆಯ ಮೋಟಾರನ್ನು ಅವರೇ ಇಟ್ಟುಕೊಳ್ಳುವುದು ಇನ್ನೊಂದು ನಷ್ಟ. ಅದರಲ್ಲಿ ತಾಮ್ರವಿದೆ, ರಿಪೇರಿಯಾಗಬಲ್ಲ ಒರಿಜಿನಲ್ ಭಾಗಗಳಿವೆ. ಬಿಚ್ಚಿ ನೋಡುವ ಮೊದಲು ಅದನ್ನು ಕೈಬಿಡಬೇಡಿ. ಬಿಲ್ ಕೊಡದ ಅಂಗಡಿಯ ಗ್ಯಾರಂಟಿ ಬರೀ ಬಾಯಿಮಾತು.

ಮನೆಯಲ್ಲಿ ಬಿಚ್ಚುವುದು ಅಪಾಯವಲ್ಲವೇ ಎನ್ನುವವರ ಮಾತನ್ನು ತಳ್ಳಿಹಾಕಲಾಗದು. ಸೆಲ್ಫ್‌ಗೆ ಬರುವ ದಪ್ಪ ಕೇಬಲ್‌ನಲ್ಲಿ ಕೀ ತೆಗೆದಿದ್ದರೂ ಕರೆಂಟ್ ಇರುತ್ತದೆ. ಸ್ಪ್ಯಾನರ್ ಚಾಸಿಗೆ ತಾಗಿದರೆ ಕಿಡಿ ಹಾರಿ ಕೈ ಸುಡುತ್ತದೆ. ಅದಕ್ಕೇ ಎಲ್ಲಕ್ಕಿಂತ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಬೇಕು, ಕೊನೆಯಲ್ಲಿ ಅದನ್ನೇ ಹಾಕಬೇಕು. ಜಾಕ್ ಒಂದನ್ನೇ ನಂಬಿ ಗಾಡಿಯಡಿ ಹೋಗುವುದು ಸಲ್ಲದು. ಸ್ಟ್ಯಾಂಡ್ ಇಲ್ಲದಿದ್ದರೆ, ಮೋಟಾರಿನ ಭಾರ ಹಿಡಿಯಲು ಇನ್ನೊಬ್ಬರಿಲ್ಲದಿದ್ದರೆ, ಆ 800 ಕೊಟ್ಟುಬಿಡಿ. ಪರೀಕ್ಷೆ ಮಾತ್ರ ನೀವೇ ಮಾಡಿದರೂ ಲಾಭದ ಬಹುಪಾಲು ಕೈಸೇರುತ್ತದೆ. ಸ್ಕ್ರೂಡ್ರೈವರ್‌ನಿಂದ ಸೊಲೆನಾಯ್ಡಿನ ಟರ್ಮಿನಲ್‌ಗಳನ್ನು ಮುಟ್ಟಿಸಿ ಸ್ಟಾರ್ಟ್ ಮಾಡುವ ಚಾಳಿಯಂತೂ ಬೇಡವೇ ಬೇಡ. ಗೇರಿನಲ್ಲಿದ್ದ ಗಾಡಿ ಅಡಿಯಲ್ಲಿರುವವರ ಮೇಲೆಯೇ ಹರಿಯಬಹುದು. ವಾರಂಟಿ ಇರುವ ಗಾಡಿಗೆ ಸ್ಪ್ಯಾನರ್ ಹಾಕಬಾರದು. ಕ್ಲಚ್ ಒತ್ತದೆ ಸೆಲ್ಫ್ ಹೊಡೆಯದ ಗಾಡಿಗಳಲ್ಲಿ ಪೆಡಲ್ ಸ್ವಿಚ್ಚೇ ಕೆಟ್ಟಿರಬಹುದು, ಅದನ್ನೂ ನೋಡಬೇಕು. ಆಟೋ ಎಲೆಕ್ಟ್ರಿಷಿಯನ್ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂಬ ಪ್ರಶ್ನೆಯೂ ಇದೆ. ಅವರ ನಿಜವಾದ ಕಸುಬು ಬೆಂಚಿನ ಮೇಲೆ ಬ್ರಷ್ ಕೂರಿಸುವುದು, ಆರ್ಮೇಚರ್ ತಪಾಸಣೆ, ಬುಷ್ ಬದಲಿಸುವುದು. ಮೋಟಾರನ್ನು ಒಯ್ದು ಅವರ ಮುಂದಿಟ್ಟು, ಅದಕ್ಕೆ ಚೌಕಾಸಿ ಮಾಡದೆ ಹಣ ಕೊಡಿ.

ವಿಮೆ ಇದೆಯಲ್ಲ ಎನ್ನುವವರು ಪಾಲಿಸಿ ತೆಗೆದು ಓದಲಿ. ಸವಕಳಿ, ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಕೆಡುವಿಕೆಗೆ ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಪರಿಹಾರವಿಲ್ಲ. ತೆರಿಗೆಯಲ್ಲಿ ತೋರಿಸಿಕೊಳ್ಳುತ್ತೇವೆ ಎನ್ನುವುದೂ ಸಣ್ಣ ಮಾಲೀಕರಿಗೆ ಕೆಲಸಕ್ಕೆ ಬರುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ಕಲಮಿನಂತೆ ಪಿಕಪ್ ಒಂದಕ್ಕೆ ತಿಂಗಳಿಗೆ 7,500 ರೂಪಾಯಿ ಅಂದಾಜು ಆದಾಯ ತೋರಿಸುತ್ತ ಬಂದವರಿಗೆ ರಿಪೇರಿ ಖರ್ಚನ್ನು ಬೇರೆಯಾಗಿ ಕಳೆಯಲು ಬರುವುದಿಲ್ಲ. ಮೋಟಾರಿಗೆ ಹಾಕಿದ ಪ್ರತಿ ರೂಪಾಯಿಯೂ ಪೂರ್ತಿ ನಿಮ್ಮದೇ.

ಎಲ್ಲಕ್ಕಿಂತ ದೊಡ್ಡ ಸೋರಿಕೆ ಇರುವುದು ಮೋಟಾರ್ ಕೊಳ್ಳುವುದರಲ್ಲೂ ಅಲ್ಲ, ಅದನ್ನು ಮುಂದೂಡುವುದರಲ್ಲಿ. ಸೆಲ್ಫ್ ಮೇಲೆ ನಂಬಿಕೆ ಹೋದ ಡ್ರೈವರ್ ಲೋಡ್ ಇಳಿಸುವಾಗ, ಚಹಾ ಕುಡಿಯುವಾಗ, ತೂಕದ ಸಾಲಿನಲ್ಲಿ ಕಾಯುವಾಗ ಇಂಜಿನ್ ಆರಿಸುವುದಿಲ್ಲ. ಗಂಟೆಗೆ ಅರ್ಧ ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಗಂಟೆಗೆ 45. ದಿನಕ್ಕೆ ಎರಡು ಗಂಟೆಯಂತೆ 25 ದಿನಕ್ಕೆ 2,250. ನಾಲ್ಕು ತಿಂಗಳ ಹೊಗೆಯಲ್ಲಿ ಒಂದು ಹೊಸ ಮೋಟಾರ್ ಹೋಯಿತು! ಇನ್ನು ಕೆಲವರು ಇಂಜಿನ್ ಹಿಡಿಯುವವರೆಗೂ ಕೀ ಬಿಡದೆ ಸೆಲ್ಫ್ ಹೊಡೆಯುತ್ತಲೇ ಇರುತ್ತಾರೆ. ಹತ್ತು ಸೆಕೆಂಡ್ ಹೊಡೆದು ಒಂದು ನಿಮಿಷ ಬಿಡಬೇಕು. ವೈಂಡಿಂಗ್ ಕಾದು ಸುಡುವುದು ಈ ಹಟದಲ್ಲೇ, ಬ್ರಷ್‌ನ ರಿಪೇರಿ ಆರ್ಮೇಚರ್‌ನ ಖರ್ಚಾಗುವುದೂ ಇಲ್ಲೇ. ಗಾಡಿ ಓಡಿಸುವವರು ಬೇರೆಯಾದರೆ ಇದನ್ನು ಕೂತು ಹೇಳಿಕೊಡುವುದು ಮಾಲೀಕರ ಜವಾಬ್ದಾರಿ.

ಆರ್ಮೇಚರ್ ಸುಟ್ಟಿದ್ದರೆ ಅಥವಾ ಕಮ್ಯುಟೇಟರ್ ಪೂರ್ತಿ ಸವೆದಿದ್ದರೆ ರಿಪೇರಿಗೆ ಹಣ ಸುರಿಯಬೇಡಿ, ಹೊಸದನ್ನೇ ತನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಡೀಲರ್ ಬಳಿಯಾಗಲಿ, ಹಳೆಯ ಮೋಟಾರಿನ ಮೇಲಿರುವ ಪಾರ್ಟ್ ನಂಬರ್ ತೋರಿಸಿ, ಪಿನಿಯನ್‌ನ ಹಲ್ಲುಗಳನ್ನು ಎಣಿಸಿ ಹೋಲಿಸಿಕೊಳ್ಳಿ. ವಾಹನದ ಬಿಡಿಭಾಗಗಳ ಮೇಲಿನ ಶೇಕಡಾ 28ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದೇ ದರ ಇದೆಯೇ ಎಂದು ನೋಡಿಯೇ ಹಣ ಕೊಡಿ.