ನಿಕ್ಷೇಪಶೋಧನೆಯಲ್ಲಿ ವಿದ್ಯುತ್ತು

ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ಅಷ್ಟಭೋಗಗಳ ಪಟ್ಟಿ ಪರಿಚಿತವಾದುದೇ ಆಗಿದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಬಗೆಯ ಹಕ್ಕುಗಳೊಡನೆ ದೊರೆಗಳು ಭೂಮಿಯನ್ನು ಧಾರೆಯೆರೆದು ಕೊಡುತ್ತಿದ್ದರು. ಇವುಗಳಲ್ಲಿ ಮೊದಲಿನ ಎರಡು ಮಣ್ಣಿನ ಮರೆಯಲ್ಲಿರುವಂಥವು. ಅವನ್ನು ಕೊಟ್ಟವನೂ ಕಂಡಿಲ್ಲ, ಪಡೆದವನೂ ಕಂಡಿಲ್ಲ. ಹೂತಿಟ್ಟ ಧನವೆಂಬ ಅರ್ಥದ ಆ ‘ನಿಕ್ಷೇಪ’ ಶಬ್ದವೇ ಇಂದು ತೈಲನಿಕ್ಷೇಪ, ಅನಿಲನಿಕ್ಷೇಪ ಎಂದು ಪತ್ರಿಕೆಗಳಲ್ಲಿ ಬಳಕೆಯಾಗುತ್ತಿದೆ. ಶಬ್ದಾರ್ಥವನ್ನು ಹಿಡಿದು ನೋಡಿದರೆ ಇದು ತುಸು ವಿನೋದವೇ ಸರಿ. ಏಕೆಂದರೆ ಈ ನಿಕ್ಷೇಪವನ್ನು ಇಟ್ಟವರು ಯಾರೂ ಇಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿಯೂ ಸರೋವರಗಳಲ್ಲಿಯೂ ಬಾಳಿದ ಸೂಕ್ಷ್ಮಜೀವಿಗಳು ಕೆಸರಿನಲ್ಲಿ ಹುದುಗಿ, ಒತ್ತಡ ಮತ್ತು ಕಾವುಗಳಿಂದ ಪಾಕಗೊಂಡು ತೈಲವಾದುವು.

ಕಾಣದ ನಿಕ್ಷೇಪವನ್ನು ಕಾಣಬೇಕೆಂಬ ಹಂಬಲವೂ ಹಳೆಯದೇ. ಅಂಗೈಗೆ ಅಂಜನ ಹಚ್ಚಿ ನಿಧಿ ನೋಡುವವರನ್ನೂ, ತೆಂಗಿನಕಾಯಿಯನ್ನು ಅಂಗೈಮೇಲಿಟ್ಟುಕೊಂಡು ಹೊಲದಲ್ಲಿ ಅಡ್ಡಾಡಿ ನೀರಿನ ಸೆಲೆ ಹೇಳುವವರನ್ನೂ ಈ ಸಂಚಿಕೆಯ ಓದುಗರೆಲ್ಲ ಬಲ್ಲರು. ನಮ್ಮ ಪ್ರಸಾದನಿಲಯಕ್ಕೆ ಕೊಳವೆಬಾವಿ ತೆಗೆಸಿದಾಗ ಮೊದಲು ಬಂದವರು ಕಾಯಿಯವರೇ. ಅನಂತರ ಒಬ್ಬ ಭೂವಿಜ್ಞಾನಿ ನಾಲ್ಕು ಕಬ್ಬಿಣದ ಸಲಾಕೆ, ಕೆಲವು ಸುರುಳಿ ತಂತಿ ಮತ್ತು ಒಂದು ಪೆಟ್ಟಿಗೆಯೊಡನೆ ಬಂದರು. ಹೊರಗಿನ ಎರಡು ಸಲಾಕೆಗಳ ಮೂಲಕ ನೆಲಕ್ಕೆ ವಿದ್ಯುತ್ತನ್ನು ಹಾಯಿಸಿ, ಒಳಗಿನ ಎರಡರ ನಡುವಣ ವಿಭವಾಂತರವನ್ನು ಅಳೆದು, ಸಲಾಕೆಗಳನ್ನು ಹಂತಹಂತವಾಗಿ ದೂರ ಸರಿಸುತ್ತ ಮಧ್ಯಾಹ್ನದವರೆಗೂ ಅಂಕಿಗಳನ್ನು ಬರೆದುಕೊಂಡರು. “ನೀರು ಉಂಟೋ ಇಲ್ಲವೋ, ಅದನ್ನು ಹೇಳಿರಿ ಯಜಮಾನರೇ” ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ಅದಕ್ಕೆ ಆತನ ಉತ್ತರ: “ನೀರು ಇದೆಯೆಂದು ನಾನು ಹೇಳಲಾರೆನು ಬುದ್ಧೀ. ಇಲ್ಲಿ ಅರವತ್ತು ಮೀಟರಿನ ಆಸುಪಾಸಿನಲ್ಲಿ ರೋಧ ಕಡಿಮೆಯಾಗಿದೆ, ಅಷ್ಟನ್ನು ಮಾತ್ರ ಹೇಳಬಲ್ಲೆ.” ಹಿರಿಯರಿಗೆ ಇದು ರುಚಿಸಲಿಲ್ಲ. ಕಾಯಿಯವನು ಎರಡು ಇಂಚು ನೀರೆಂದು ಖಚಿತವಾಗಿ ಹೇಳಿರಲಾಗಿ, ಓದಿದವನು ಹೀಗೆ ಜಾರಿಕೊಳ್ಳುವುದೇ ಎಂದು ಗೊಣಗಿದರು. ನನಗಾದರೋ ಆ ಉತ್ತರದಲ್ಲಿಯೇ ಒಂದು ಶಾಸ್ತ್ರದ ಜೀವಾಳವಿದೆಯೆಂದು ತೋರಿತು. ಆ ಶಾಸ್ತ್ರದ ವಿಚಾರವೇ ಪ್ರಕೃತ ಲೇಖನದ ವಸ್ತು.

ವಿದ್ಯುತ್ಪ್ರವಾಹಕ್ಕೆ ಪದಾರ್ಥವು ಒಡ್ಡುವ ತಡೆಗೆ ರೋಧವೆಂದು ಹೆಸರು. ಒಂದೊಂದು ಪದಾರ್ಥಕ್ಕೂ ಸಹಜವಾದ ರೋಧಶೀಲತೆಯನ್ನು ಓಮ್-ಮೀಟರ್ ಎಂಬ ಮಾನದಿಂದ ಅಳೆಯುತ್ತಾರೆ. ಸಮುದ್ರದ ನೀರಿಗೆ ಇದು ಸುಮಾರು 0.3, ಉಪ್ಪುನೀರನ್ನು ಹೀರಿ ಕುಳಿತ ಮರಳುಗಲ್ಲಿಗೆ ಸಾಮಾನ್ಯವಾಗಿ ಒಂದೆರಡು ಓಮ್-ಮೀಟರ್. ಅದೇ ಮರಳುಗಲ್ಲಿನ ರಂಧ್ರಗಳಿಂದ ಉಪ್ಪುನೀರನ್ನು ತಳ್ಳಿ ತೈಲವೋ ಅನಿಲವೋ ತುಂಬಿಕೊಂಡರೆ ರೋಧಶೀಲತೆ ಹತ್ತಾರು, ಕೆಲವೊಮ್ಮೆ ನೂರಕ್ಕೂ ಮೇಲ್ಪಟ್ಟು ಏರುತ್ತದೆ. ತೈಲವು ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಗಟ್ಟಿ ಬಂಡೆಯ ನಾಡಿನಲ್ಲಿ ನೀರನ್ನು ಹುಡುಕುವವನು ರೋಧ ಇಳಿದೆಡೆಯನ್ನು ನೋಡಿದರೆ, ತೈಲವನ್ನು ಹುಡುಕುವವನು ಏರಿದೆಡೆಯನ್ನು ನೋಡುತ್ತಾನೆ. ಉಪಕರಣ ಒಂದೇ ಜಾತಿಯದು, ನಿರೀಕ್ಷೆ ಮಾತ್ರ ತಲೆಕೆಳಗು.

ನಮ್ಮ ಹಳ್ಳಿಗಳಲ್ಲಿ ನೀರಿಗಾಗಿ ಸಲಾಕೆಗಳನ್ನು ನೆಡುವ ಕ್ರಮಕ್ಕೆ ಇಂದಿಗೂ ಶ್ಲುಂಬರ್ಜೆ ವಿನ್ಯಾಸವೆಂಬ ಹೆಸರಿದೆ. ಕಾನ್ರಾಡ್ ಶ್ಲುಂಬರ್ಜೆ ಎಂಬಾತ ಪ್ಯಾರಿಸಿನ ಗಣಿವಿದ್ಯಾಲಯದಲ್ಲಿ ಭೌತಶಾಸ್ತ್ರದ ಅಧ್ಯಾಪಕ. ತಾಮ್ರದ ಸ್ನಾನದ ತೊಟ್ಟಿಯೊಂದರಲ್ಲಿ ಮರಳು, ಜೇಡಿ, ಕಲ್ಲುಗಳನ್ನು ತುಂಬಿ, ಅದರೊಳಗೆ ವಿದ್ಯುತ್ತು ಹೇಗೆ ಹರಡುವುದೆಂದು ಆತ ಮೊದಲು ಪರೀಕ್ಷಿಸಿದನು. 1912ರಲ್ಲಿ ನಾರ್ಮಂಡಿಯ ವಾಲ್-ರಿಷೆ ಎಂಬಲ್ಲಿ, ತಮ್ಮ ಮನೆತನದ ಹೊಲಗಳಲ್ಲಿಯೇ ತಂತಿಯೆಳೆದು, ನೆಲದ ಸಮವಿಭವರೇಖೆಗಳ ನಕ್ಷೆಯನ್ನು ಬರೆದನು. ತಮ್ಮ ಮಾರ್ಸೆಲ್ ಆತನೊಡನೆ ಸೇರಿದನು. ಇಲ್ಲಿ ಅವರ ತಂದೆಯಾದ ಪೋಲ್ ಶ್ಲುಂಬರ್ಜೆಯನ್ನು ನೆನೆಯದೆ ಮುಂದುವರಿಯಲಾರೆ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಮಕ್ಕಳ ಪ್ರಯೋಗಗಳಿಗಾಗಿ ಆತ ಐದು ಲಕ್ಷ ಫ್ರಾಂಕುಗಳನ್ನು ಮುಡಿಪಿಡಲು ಒಪ್ಪಿ ಪತ್ರ ಬರೆದುಕೊಟ್ಟನು. ಈ ಕಾರ್ಯದಲ್ಲಿ ವಿಜ್ಞಾನದ ಹಿತವು ಹಣದ ಹಿತಕ್ಕಿಂತ ಮೇಲಾಗಿರತಕ್ಕದ್ದೆಂಬುದೇ ಆತ ವಿಧಿಸಿದ ಷರತ್ತು. ಮರುವರ್ಷವೇ ಕಾನ್ರಾಡನು ತನ್ನ ವಿಧಾನವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದನು. ಬೇಕಾದವರು ಓದಿ ಪರೀಕ್ಷಿಸುವಂತಾಯಿತು.

ನೆಲದ ಮೇಲೆ ನಿಂತು ಮಾಡಿದ ಈ ಅಳತೆಯನ್ನು ನೆಲದೊಳಕ್ಕೆ ಇಳಿಸಿದುದು ಮುಂದಿನ ಹೆಜ್ಜೆ. 1927ರ ಸೆಪ್ಟೆಂಬರ್ 5ರಂದು ಅಲ್ಸಾಸ್ ಪ್ರಾಂತದ ಪೆಶೆಲ್‌ಬ್ರಾನ್ ತೈಲಕ್ಷೇತ್ರದಲ್ಲಿ, ಕಾನ್ರಾಡನ ಅಳಿಯನಾದ ಆನ್ರಿ ಡಾಲ್ ಮತ್ತು ಸಂಗಡಿಗರು ಒಂದು ಕೊರೆದ ಬಾವಿಯೊಳಗೆ ಅಳತೆಯ ಕೊಳವೆಯನ್ನು ತಂತಿಯಿಂದ ಇಳಿಬಿಟ್ಟರು. ಮೀಟರಿಗೊಮ್ಮೆ ನಿಲ್ಲಿಸಿ, ಅಂಕಿಯನ್ನು ಕೈಯಿಂದಲೇ ಬರೆದುಕೊಂಡು, ಅವುಗಳನ್ನು ಕೂಡಿಸಿ ಒಂದು ವಕ್ರರೇಖೆಯನ್ನು ಎಳೆದರು. ಅದುವರೆಗೆ ಆಳದ ಶಿಲೆಯನ್ನರಿಯಲು ತುಂಡುತುಂಡಾಗಿ ಕೊರೆದು ಮೇಲೆತ್ತಬೇಕಾಗಿತ್ತು. ಈಗ ಶಿಲೆಯು ಇದ್ದಲ್ಲಿಯೇ ಇದ್ದು ತನ್ನ ಲಕ್ಷಣವನ್ನು ತಿಳಿಸಿತು. 1942ರಲ್ಲಿ ಷೆಲ್ ಸಂಸ್ಥೆಯ ಇಂಜಿನಿಯರ್ ಗಸ್ ಆರ್ಚಿಯು ಶಿಲೆಯ ರೋಧಶೀಲತೆ, ರಂಧ್ರಗಳ ಪ್ರಮಾಣ, ಅವುಗಳಲ್ಲಿರುವ ನೀರಿನ ಪಾಲು, ಈ ಮೂರಕ್ಕೂ ಇರುವ ಸಂಬಂಧವನ್ನು ಸೂತ್ರವಾಗಿ ಹೇಳಿದನು. ಬಾವಿಯ ರೋಧವನ್ನು ನೋಡಿ ಶಿಲೆಯಲ್ಲಿ ತೈಲದ ಪಾಲು ಎಷ್ಟೆಂದು ಲೆಕ್ಕಹಾಕುವ ಮಾರ್ಗ ಇದರಿಂದ ತೆರೆಯಿತು.

ಆದರೆ ಬಾವಿಯನ್ನು ತೋಡುವ ಮೊದಲೇ ಅರಿಯಬೇಕಲ್ಲವೆ? ಅದಕ್ಕೆ ಬಹುಕಾಲ ಆಶ್ರಯವಾದುದು, ಇಂದಿಗೂ ಪ್ರಧಾನವಾಗಿರುವುದು, ಕಂಪನತರಂಗಗಳ ವಿಧಾನ. ನೆಲವನ್ನು ನಡುಗಿಸಿ, ಶಿಲಾಪದರಗಳಿಂದ ಮರಳಿದ ಪ್ರತಿಧ್ವನಿಯಿಂದ ಅವುಗಳ ಆಕಾರವನ್ನು ತಿಳಿಯುತ್ತಾರೆ. ಇದರಿಂದ ಪಾತ್ರೆಯ ರೂಪ ಚೆನ್ನಾಗಿ ಗೊತ್ತಾಗುತ್ತದೆ; ಒಳಗಿರುವುದು ಮಜ್ಜಿಗೆಯೋ ತುಪ್ಪವೋ ಎಂಬುದು ಅಷ್ಟು ಸ್ಪಷ್ಟವಾಗದು. ಆಳದ ಕಡಲಿನಲ್ಲಿ ಒಂದು ಬಾವಿ ತೋಡಲು ತಗಲುವ ವೆಚ್ಚ ನೂರಾರು ಕೋಟಿ ರೂಪಾಯಿಗಳಾದುದರಿಂದ ಈ ಅಸ್ಪಷ್ಟತೆ ಅಲ್ಪವಾದುದಲ್ಲ.

ಇದಕ್ಕೆ ಪೂರಕವಾಗಿ ಬಂದುದು ಕಡಲಡಿಯ ವಿದ್ಯುತ್ಕಾಂತ ಸರ್ವೇಕ್ಷಣೆ. ಹಡಗೊಂದು ನೂರಾರು ಮೀಟರ್ ಉದ್ದದ ತಂತಿಯನ್ನು ಕಡಲ ತಳಕ್ಕೆ ಸಮೀಪವಾಗಿ ಎಳೆದೊಯ್ಯುತ್ತದೆ. ಅದರಲ್ಲಿ ಪ್ರಬಲವಾದ ವಿದ್ಯುತ್ತು ಮೆಲ್ಲಮೆಲ್ಲನೆ ದಿಕ್ಕು ಬದಲಿಸುತ್ತಿರುತ್ತದೆ. ತಳದಲ್ಲಿ ಸಾಲಾಗಿ ಇಳಿಬಿಟ್ಟ ಗ್ರಾಹಕಗಳು ಬಂದ ಸಂಕೇತವನ್ನು ದಾಖಲಿಸುತ್ತವೆ. ಮೆಲ್ಲಗೇಕೆ ಎಂದರೆ, ಸೆಕೆಂಡಿಗೆ 1 ಆವರ್ತದ ತರಂಗವು 1 ಓಮ್-ಮೀಟರಿನ ನೆಲದಲ್ಲಿ ಸುಮಾರು 500 ಮೀಟರ್ ಇಳಿಯುವಷ್ಟರಲ್ಲಿಯೇ ತನ್ನ ಬಲದ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲನ್ನು ಕಳೆದುಕೊಳ್ಳುತ್ತದೆ. ಆವರ್ತವನ್ನು ಕಾಲುಭಾಗಕ್ಕೆ ಇಳಿಸಿದರೆ ಆಳವು ಇಮ್ಮಡಿಯಾಗುತ್ತದೆ. ಆದರೆ ಚಿತ್ರವು ಮಸುಕಾಗುತ್ತದೆ. ತೈಲ ತುಂಬಿದ ಪದರವನ್ನು ಹಾಯ್ದು ಬಂದ ಸಂಕೇತವು, ಉಪ್ಪುನೀರಿನ ಶಿಲೆಯಲ್ಲಿಯೇ ಬಂದುದಕ್ಕಿಂತ ಕಡಿಮೆ ಕ್ಷೀಣವಾಗಿ, ದೂರದ ಗ್ರಾಹಕವನ್ನು ಮುಟ್ಟುತ್ತದೆ. ನಾರ್ವೆಯ ಸ್ಟಾಟಾಯಿಲ್ ಸಂಸ್ಥೆಯವರು 2000ನೆಯ ಇಸವಿಯ ಕೊನೆಯಲ್ಲಿ ಆಫ್ರಿಕದ ಅಂಗೋಲಾ ದೇಶದ ಕಡಲಿನಲ್ಲಿ ಇದನ್ನು ಪರೀಕ್ಷಿಸಿದರು. ಅವರು ಆರಿಸಿಕೊಂಡುದು ತೈಲವಿದೆಯೆಂದು ಮೊದಲೇ ಖಚಿತವಾಗಿದ್ದ ಸ್ಥಳವನ್ನು. ಗೊತ್ತಿದ್ದುದನ್ನು ಹೇಳಬಲ್ಲುದೇ ಎಂದು ಉಪಕರಣವನ್ನು ಪರೀಕ್ಷಿಸಿದ ಮೇಲೆಯೇ ಗೊತ್ತಿಲ್ಲದುದನ್ನು ಕೇಳಬೇಕಷ್ಟೆ.

ಹೀಗಿದ್ದರೂ ಯಂತ್ರವು ತಿಳಿಸುವುದು ರೋಧವನ್ನು, ತೈಲವನ್ನಲ್ಲ. ಉಪ್ಪಿನ ಗಡ್ಡೆ, ರಂಧ್ರವಿಲ್ಲದ ಸುಣ್ಣದಕಲ್ಲು, ಜ್ವಾಲಾಮುಖಿಯ ಶಿಲೆ, ಸಿಹಿನೀರು ತುಂಬಿದ ಮರಳುಗಲ್ಲು ಇವೂ ರೋಧವನ್ನು ಏರಿಸುತ್ತವೆ. ಏರಿದ ರೋಧವನ್ನು ನಂಬಿ ಕೊರೆದು ಬರಿಗೈಯಾದ ನಿದರ್ಶನಗಳೂ ಉಂಟು.

ಇದಕ್ಕೆ ತದ್ವಿರುದ್ಧವಾದ ಒಂದು ಕಥೆಯು ಶ್ಲುಂಬರ್ಜೆಯ ನಾಡಿನಲ್ಲಿಯೇ ನಡೆಯಿತು. ವಿಮಾನದಲ್ಲಿ ಹಾರುತ್ತಲೇ ನೆಲದಾಳದ ತೈಲವನ್ನು ಪರದೆಯ ಮೇಲೆ ತೋರಿಸುವ ಯಂತ್ರ ತಮ್ಮಲ್ಲಿದೆಯೆಂದು ಬೆಲ್ಜಿಯಮ್ಮಿನ ಒಬ್ಬ ಕುಲೀನನೂ ಆಲ್ಡೊ ಬೊನಾಸ್ಸೋಲಿ ಎಂಬ ಇಟಲಿಯವನೂ ಫ್ರಾನ್ಸಿನ ಸರಕಾರಿ ತೈಲಸಂಸ್ಥೆಯಾದ ಎಲ್ಫ್ ಅನ್ನು ನಂಬಿಸಿದರು. 1976ರಿಂದ 1979ರ ವರೆಗೆ ಕೋಟಿಕೋಟಿ ಫ್ರಾಂಕುಗಳು ಹರಿದವು. ಯಂತ್ರದ ತತ್ತ್ವವೇನೆಂದು ಕೇಳಿದರೆ ಅದು ಗೋಪ್ಯ. ಕೊನೆಗೆ 1979ರ ಮೇ ತಿಂಗಳಲ್ಲಿ ಜೂಲ್ ಹೊರೊವಿಟ್ಜ್ ಎಂಬ ಭೌತವಿಜ್ಞಾನಿಯು ಒಂದು ಸುಲಭ ಪರೀಕ್ಷೆಯನ್ನು ಒಡ್ಡಿದನು: ಗೋಡೆಯ ಹಿಂದೆ ಇಟ್ಟ ಅಳತೆಪಟ್ಟಿಯನ್ನು ಯಂತ್ರವು ತೋರಿಸಲಿ. ಪರದೆಯ ಮೇಲೆ ನೆಟ್ಟನೆಯ ಪಟ್ಟಿ ಮೂಡಿತು. ಆದರೆ ಹೊರೊವಿಟ್ಜನು ಅದನ್ನು ಮೊದಲೇ ಬಗ್ಗಿಸಿಟ್ಟಿದ್ದನು! ಜನರಿಗೆ ಈ ಸಂಗತಿ ತಿಳಿದುದು 1983ರ ಕೊನೆಯಲ್ಲಿ, ಪತ್ರಿಕೆಯ ಮೂಲಕ. ‘ಇಲ್ಲ’ವೆಂದು ಎಂದೂ ಹೇಳದ ಯಂತ್ರಕ್ಕೂ ನಮ್ಮೂರಿನ ಅಂಜನಕ್ಕೂ ಏನು ಭೇದ?

ತೈಲ ದೊರೆತ ಮೇಲೂ ಈ ಅಳತೆಗಳು ಉಪಯುಕ್ತವೇ. ಶಿಲೆಯೊಳಗಿನ ತೈಲವನ್ನು ಬಾವಿಯತ್ತ ತಳ್ಳಲು ಬೇರೆ ಬಾವಿಯಿಂದ ನೀರನ್ನು ಒತ್ತುವ ರೂಢಿಯುಂಟು. ಉಪ್ಪುನೀರು ಮುಂದೊತ್ತಿದಂತೆ ಆ ಎಡೆಯ ರೋಧ ಇಳಿಯುವುದರಿಂದ, ಎರಡು ಬಾವಿಗಳ ನಡುವೆ ಕಾಲಕಾಲಕ್ಕೆ ಅಳೆಯುತ್ತಿದ್ದರೆ ನೀರು ಎಲ್ಲಿಗೆ ಮುಟ್ಟಿತು, ತೈಲ ಎಲ್ಲಿ ಉಳಿಯಿತು ಎಂದು ಊಹಿಸಬಹುದು.

ನಮ್ಮ ನೆಲಕ್ಕೂ ಈ ಶಾಸ್ತ್ರದ ಒಂದು ಶಾಖೆ ಸಂಬಂಧಿಸಿದೆ. ವಿಜಾಪುರ, ಕಲಬುರ್ಗಿ, ಬೀದರ ಸೀಮೆಗಳ ಎರೆಭೂಮಿಯ ಕೆಳಗಿರುವ ಕಪ್ಪುಶಿಲೆಯು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ. ದಖನ್ನಿನಲ್ಲಿ ಇದರ ಹರಹು ಸುಮಾರು ಐದು ಲಕ್ಷ ಚದರ ಕಿಲೋಮೀಟರ್. ಈ ಹೊದಿಕೆಯು ಕಂಪನತರಂಗಗಳನ್ನು ಚದರಿಸಿಬಿಡುವುದರಿಂದ ಅಡಿಯಲ್ಲೇನಿದೆಯೆಂದು ಅರಿಯುವುದು ಕಷ್ಟ. ಇಲ್ಲಿ ಒದಗುವುದು, ರಷ್ಯದ ತಿಖೊನೊವ್ 1950ರಲ್ಲಿಯೂ ಫ್ರಾನ್ಸಿನ ಕಾನ್ಯಾರ್ 1953ರಲ್ಲಿಯೂ ಪ್ರತಿಪಾದಿಸಿದ ವಿಧಾನ. ಇದರಲ್ಲಿ ಮನುಷ್ಯನು ವಿದ್ಯುತ್ತನ್ನು ಹಾಯಿಸಬೇಕಿಲ್ಲ. ದೂರದ ಸಿಡಿಲುಗಳಿಂದಲೂ ಸೂರ್ಯನಿಂದ ಬೀಸುವ ಕಣಪ್ರವಾಹದಿಂದಲೂ ನೆಲದಲ್ಲಿ ತಾನಾಗಿ ಹುಟ್ಟುವ ಕ್ಷೀಣ ಪ್ರವಾಹಗಳನ್ನು ಅಳೆದರೆ ಸಾಕು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯವರು ಸೌರಾಷ್ಟ್ರದಲ್ಲಿ ಈ ವಿಧಾನದಿಂದ ಲಾವಾಶಿಲೆಯ ದಪ್ಪವನ್ನೂ ಅದರಡಿಯ ಪದರಶಿಲೆಗಳನ್ನೂ ಅಳೆದಿದ್ದಾರೆ. ಪದರಶಿಲೆ ಇದೆಯೆಂದಾಗಲಿ, ಅದರ ರೋಧ ಇಷ್ಟೆಂದಾಗಲಿ ತಿಳಿದ ಮಾತ್ರಕ್ಕೆ ತೈಲವಿದೆಯೆಂದು ಅವರು ಹೇಳುವುದಿಲ್ಲ.

ಪ್ರಸಾದನಿಲಯದ ಬಾವಿಯ ವಿಚಾರವನ್ನು ಓದುಗರು ಕೇಳಬಹುದು. ಅರವತ್ತು ಮೀಟರಿನಲ್ಲಿ ಬಂಡೆ ಬಿರುಕು ಬಿಟ್ಟಿದ್ದುದು ನಿಜ. ನೀರು ಬಂದುದು ಎಪ್ಪತ್ತೆರಡಕ್ಕೆ.