ಮೋಟಾರು ವಾಹನದ ಟೈಮಿಂಗ್ ಸರಪಳಿಯ ಸವೆತವೂ ವಾಲ್ವುಗಳಿಗೊದಗುವ ಹಾನಿಯೂ

ರೋಣ ತಾಲೂಕಿನ ಜಕ್ಕಲಿಯಂತಹ ಎರೆನೆಲದ ಗ್ರಾಮಗಳಲ್ಲಿ ಇಂದು ಟ್ರ್ಯಾಕ್ಟರಿನ ಸಂಗಡ ಕಾರೂ ಸಣ್ಣ ಸರಕುಗಾಡಿಯೂ ಒಕ್ಕಲುತನದ ಸಾಧನಗಳಾಗಿವೆ. ಟ್ರ್ಯಾಕ್ಟರಿನ ಆರೈಕೆಯನ್ನು ಅನೇಕ ರೈತರು ಚೆನ್ನಾಗಿ ಬಲ್ಲರು. ಆದರೆ ಅದೇ ಅನುಭವವನ್ನು ಕಾರಿಗೂ ಅನ್ವಯಿಸಿದರೆ ನಷ್ಟವಾಗುವ ಒಂದು ವಿಷಯವುಂಟು.

ಫೋರ್‌ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟು ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್‌ಶಾಫ್ಟು ಒಂದೇ ಸುತ್ತು ತಿರುಗಿ ವಾಲ್ವುಗಳನ್ನು ತೆರೆಯತಕ್ಕದ್ದು. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಪ್ರತಿಯೊಂದು ವಾಲ್ವು ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಟ್ರ್ಯಾಕ್ಟರಿನಲ್ಲಿ ಈ ಎರಡು ಶಾಫ್ಟುಗಳನ್ನು ಸಾಮಾನ್ಯವಾಗಿ ಹಲ್ಲುಗಾಲಿಗಳು ಕೂಡಿಸುತ್ತವೆ. ಕಾರಿನಲ್ಲಿ ಉಕ್ಕಿನ ಸರಪಳಿ ಇಲ್ಲವೆ ರಬ್ಬರಿನ ಬೆಲ್ಟು. ಬೆಲ್ಟನ್ನು ತಯಾರಕರು ಹೇಳಿದ ಅವಧಿಗೆ ಬದಲಿಸಲೇಬೇಕು. ಸರಪಳಿಗೆ ಹೆಚ್ಚಾಗಿ ಅಂತಹ ಅವಧಿಯನ್ನು ಹೇಳಿರುವುದಿಲ್ಲವಾದ್ದರಿಂದ ಅದು ಸವೆಯುವುದೇ ಇಲ್ಲವೆಂಬ ಭ್ರಾಂತಿ ಹಬ್ಬಿದೆ.

ಸೈಕಲ್ಲಿನ ಸರಪಳಿ ಸಡಿಲಾಗುವುದನ್ನು ಯಾರು ಕಂಡಿಲ್ಲ? ಅಲ್ಲಿ ಉಕ್ಕು ಹಿಗ್ಗುವುದಿಲ್ಲ. ಕೊಂಡಿಗಳ ಪಿನ್ನುಗಳು ಸವೆದು ಒಟ್ಟು ಉದ್ದ ಬೆಳೆಯುತ್ತದೆ. ಎಂಜಿನ್ನಿನೊಳಗೂ ಹೀಗೆಯೇ. ಸರಪಳಿಗೆ ನಯ ಕೊಡುವುದು ಎಂಜಿನ್ನಿನ ಎಣ್ಣೆ. ಅದನ್ನು ಬಿಗಿಹಿಡಿಯುವ ಟೆನ್ಷನರೂ ಬಹಳಷ್ಟು ಎಂಜಿನ್ನುಗಳಲ್ಲಿ ಎಣ್ಣೆಯ ಒತ್ತಡದಿಂದಲೇ ನಡೆಯುತ್ತದೆ. ಆದ ಕಾರಣ ಎಣ್ಣೆ ಕಡಿಮೆಯಾದರೆ ಅಥವಾ ಕೊಳೆತುಂಬಿ ಕೆಟ್ಟರೆ ಕೇಡು ಇಮ್ಮಡಿಯಾಗುವುದು. ಎರೆಧೂಳಿನ ದಾರಿಯಲ್ಲಿ ಓಡಾಡುವ ವಾಹನಗಳಿಗೆ, ಎಣ್ಣೆ ಮತ್ತು ಫಿಲ್ಟರುಗಳ ಬದಲಾವಣೆಗೆ ಕೈಪಿಡಿಯಲ್ಲಿ ಧೂಳಿನ ಪ್ರದೇಶಕ್ಕೆಂದು ಹೇಳಿದ ಕಡಿಮೆ ಅವಧಿಯನ್ನೇ ಅನುಸರಿಸತಕ್ಕದ್ದು.

ಮುಂಜಾನೆ ಎಂಜಿನ್ ಚಾಲೂ ಮಾಡಿದೊಡನೆ ಗಲಗಲ ಸಪ್ಪಳ ಕೇಳಿಬಂದು, ಅದು ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ನಿಲ್ಲತೊಡಗಿದರೆ ಸರಪಳಿ ಸಡಿಲಾಗಿರಬಹುದೆಂದು ತಿಳಿಯಬೇಕು. ಮೊದಲು ಎಣ್ಣೆಯ ಮಟ್ಟವನ್ನು ನೋಡಿ, ಬಳಿಕ ಮೆಕ್ಯಾನಿಕನಿಗೆ ತೋರಿಸಬೇಕು. ಸುಗ್ಗಿ ಮುಗಿಯಲೆಂದು ದಿನ ತಳ್ಳುವುದು ಸರಿಯಲ್ಲ. ಸಡಿಲಾದ ಸರಪಳಿ ಹಲ್ಲು ಹಾರಿದರೆ ಅಥವಾ ಕಡಿದರೆ, ತೆರೆದು ನಿಂತ ವಾಲ್ವಿಗೆ ಮೇಲೇರುವ ಪಿಸ್ಟನ್ನು ಬಡಿದು ವಾಲ್ವು ಬಾಗುತ್ತದೆ. ಪಿಸ್ಟನ್ನು ಒಡೆಯುವುದೂ ಉಂಟು. ಕೆಲವು ಪೆಟ್ರೋಲ್ ಎಂಜಿನ್ನುಗಳಲ್ಲಿ ಇವೆರಡರ ನಡುವೆ ಸಾಕಷ್ಟು ಅಂತರವಿರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಆ ಆಸರೆಯನ್ನು ನಂಬುವಂತಿಲ್ಲ. ಸರಪಳಿಯ ಖರ್ಚಿಗೆ ಹಿಂಜರಿದವನು ಸಿಲಿಂಡರ್ ಹೆಡ್ಡನ್ನೇ ಬಿಚ್ಚಿಸಬೇಕಾಗುತ್ತದೆ, ಉಳ್ಳಾಗಡ್ಡಿಯ ಚೀಲಗಳು ದಾರಿಯಲ್ಲೇ ಉಳಿಯುತ್ತವೆ.

ಓಡುತ್ತಿದ್ದ ಎಂಜಿನ್ನು ಒಮ್ಮೆಲೇ ನಿಂತು, ಸರಪಳಿಯ ಸಂಶಯವಿದ್ದಲ್ಲಿ ಮತ್ತೆ ಸೆಲ್ಫ್ ಹೊಡೆಯಲೂ ಕೂಡದು, ನಾಲ್ಕು ಜನ ಕೂಡಿ ನೂಕಲೂ ಕೂಡದು. ಅಲ್ಲಿಯವರೆಗೆ ಉಳಿದಿದ್ದ ವಾಲ್ವುಗಳು ಬಾಗುವುದು ಆಗಲೇ. ಹೊಸ ಸರಪಳಿಯ ಸಂಗಡ ಟೆನ್ಷನರು, ಗೈಡುಗಳು, ಸವೆದಿದ್ದರೆ ಹಲ್ಲುಗಾಲಿಗಳನ್ನೂ ಬದಲಿಸಿ, ಗುರುತುಗಳನ್ನು ಸರಿಹೊಂದಿಸಿ, ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಿದ ಮೇಲೆಯೇ ಚಾಲೂ ಮಾಡತಕ್ಕದ್ದು.