ಒತ್ತುವ ಕೈಗೆ ತಿಳಿಯುವ ಬಲ

ಸನ್ನೆಯುಳ್ಳ ಶಾವಿಗೆಯ ಒರಳಿನಲ್ಲಿ ಹಿಟ್ಟನ್ನು ಒತ್ತುವವರ ಕೈಗೆ ಅದು ಮೆದುವೋ ಗಟ್ಟಿಯೋ ಎಂಬುದು ಒಡನೆಯೇ ತಿಳಿಯುತ್ತದೆ. ಬಲವನ್ನು ಹೆಚ್ಚಿಸಿಕೊಡುವ ಸನ್ನೆಯೇ ಎದುರಿನ ತಡೆಯನ್ನೂ ಕೈಗೆ ಮುಟ್ಟಿಸುತ್ತದೆ. ಈ ಎರಡನೆಯ ಗುಣದ ಬೆಲೆಯನ್ನು ಆರ್ಬರ್ ಪ್ರೆಸ್ ಎಂಬ ಸರಳ ಯಂತ್ರದಿಂದ ಅರಿಯೋಣ.

ಯಂತ್ರಶಾಲೆಗಳಲ್ಲಿ ಬೇರಿಂಗುಗಳನ್ನು ದಂಡಕ್ಕೆ ಬಿಗಿಯಾಗಿ ಕೂರಿಸುವ ಸಾಧನವಿದು. ಹಿಡಿಯನ್ನು ಎಳೆದರೆ ಚಿಕ್ಕದೊಂದು ಹಲ್ಲುಚಕ್ರ ತಿರುಗಿ, ಅದಕ್ಕೆ ಹೊಂದಿದ ಹಲ್ಲುಗಳುಳ್ಳ ಉಕ್ಕಿನ ಕಂಬವನ್ನು ನೇರವಾಗಿ ಕೆಳಗಿಳಿಸುತ್ತದೆ. ಹಿಡಿಯ ಉದ್ದ 30 ಸೆಂ.ಮೀ., ಚಕ್ರದ ತ್ರಿಜ್ಯ 1.5 ಸೆಂ.ಮೀ. ಎಂದು ಭಾವಿಸೋಣ. ಆಗ ಯಾಂತ್ರಿಕ ಲಾಭ 20. ಘರ್ಷಣೆಯನ್ನು ಗಣಿಸದಿದ್ದರೆ, ಕೈ ಹಾಕಿದ 10 ನ್ಯೂಟನ್ ಬಲ ಕಂಬದಲ್ಲಿ 200 ನ್ಯೂಟನ್ ಆಗುತ್ತದೆ. ಆದರೆ ಕಂಬ 1 ಸೆಂ.ಮೀ. ಇಳಿಯಲು ಕೈ 20 ಸೆಂ.ಮೀ. ಚಲಿಸಬೇಕು; ಕೆಲಸದಲ್ಲಿ ಉಳಿತಾಯವಿಲ್ಲ.

ಈ ಯಂತ್ರದ ಪುಟ್ಟ ರೂಪವನ್ನು ಅಮೆರಿಕದ ಬೆಂಚ್‌ರೆಸ್ಟ್ ಗುರಿಕಾರರು ಪಂದ್ಯದ ಬಯಲಿಗೇ ಒಯ್ಯುತ್ತಾರೆ. ಬಂದೂಕನ್ನು ಮೇಜಿನ ಮೇಲೆ ಊರಿ ಹಾರಿಸಿದ ಗುಂಡುಗಳು ದೂರದ ಕಾಗದದಲ್ಲಿ ಎಷ್ಟು ಒತ್ತಾಗಿ ತೂತು ಮಾಡಿದವು ಎಂಬುದೇ ಅವರ ಪಂದ್ಯ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆಯ ಕವಚವನ್ನು ಅವರು ಮತ್ತೆ ತುಂಬಿಕೊಳ್ಳುತ್ತಾರೆ. ಕಡೆಯಲ್ಲಿ ಗುಂಡನ್ನು ಕವಚದ ಕತ್ತಿನೊಳಗೆ ಕೂರಿಸುವುದು ಪ್ರೆಸ್ಸಿನ ಕೆಲಸ. ಗುಂಡು ನೆಟ್ಟಗಿರುವಂತೆ ನೋಡಿಕೊಳ್ಳುವುದು ಕವಚವನ್ನು ಸುತ್ತುವರಿದ ಅಚ್ಚು. ಪ್ರೆಸ್ಸು ಒತ್ತುತ್ತದೆ, ಅಷ್ಟೆ.

ಕತ್ತಿನ ಒಳವ್ಯಾಸ ಗುಂಡಿನ ವ್ಯಾಸಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಗುಂಡು ಇಳಿದಂತೆ ಹಿತ್ತಾಳೆ ಹಿಗ್ಗಿ, ತನ್ನ ಸ್ಥಿತಿಸ್ಥಾಪಕತ್ವದಿಂದ ಅದನ್ನು ಬಿಗಿಹಿಡಿಯುತ್ತದೆ. ಈ ಬಿಗಿತದ ಒತ್ತಡ, ತಾಗುವ ಮೈಯ ವಿಸ್ತೀರ್ಣ, ಘರ್ಷಣಾಂಕ, ಇವುಗಳ ಗುಣಲಬ್ಧವೇ ಕೈಗೆ ಎದುರಾಗುವ ತಡೆ. ಹಲವು ಸಲ ಬಳಸಿದ ಹಿತ್ತಾಳೆ ಗಡುಸಾಗಿ ಅದರ ಹಿಡಿತ ಬದಲಾಗುತ್ತದೆ. ಹಿಡಿತ ಒಂದೇ ಸಮನಾಗಿರದಿದ್ದರೆ ಗುಂಡಿನ ವೇಗವೂ ಒಂದೇ ಸಮನಾಗಿರದು. ನಿಧಾನವಾದ ಗುಂಡು ಹೆಚ್ಚು ಕೆಳಗೆ ತಾಗುತ್ತದೆ.

ಎರಡು ತೋಟಾಗಳ ತಡೆಯಲ್ಲಿ 40 ನ್ಯೂಟನ್ ವ್ಯತ್ಯಾಸವಿದೆಯೆನ್ನೋಣ. ಲಾಭ 20 ಇರುವ ಪ್ರೆಸ್ಸಿನಲ್ಲಿ ಅದು ಕೈಗೆ 2 ನ್ಯೂಟನ್ ಆಗಿ ತೋರುತ್ತದೆ. ಲಾಭ 100 ಇದ್ದರೆ ತೋರುವುದು 0.4 ನ್ಯೂಟನ್ ಮಾತ್ರ. ಯಂತ್ರದ ಸ್ವಂತ ಘರ್ಷಣೆಯಲ್ಲೇ ಅದು ಅಡಗಿಹೋಗಬಹುದು. ಹೆಚ್ಚು ಲಾಭದ ಯಂತ್ರವೇ ಮೇಲೆಂಬ ನಮ್ಮ ಭಾವನೆ ಇಲ್ಲಿ ಸಲ್ಲದು. ತಡೆ ಬೇರೆಯೆನಿಸಿದ ತೋಟಾವನ್ನು ಗುರಿಕಾರ ಪಕ್ಕಕ್ಕಿಡುತ್ತಾನೆ.

ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯಿದೆ ನಿಷೇಧಿಸಿದೆ. ಈ ತತ್ತ್ವವನ್ನು ಪರೀಕ್ಷಿಸಲು ತೋಟಾ ಬೇಕಾಗಿಯೂ ಇಲ್ಲ. ಬಿಸಿ ಹಿಟ್ಟನ್ನೂ ಆರಿದ ಹಿಟ್ಟನ್ನೂ ಒಂದೇ ಒರಳಿನಲ್ಲಿ ಒತ್ತಿ ನೋಡಿದರೆ ಸಾಕು.